ಹಸಿ ಕಸ ಮೊದಲು: ಅಪಾರ್ಟ್‌ಮೆಂಟಿನಲ್ಲಿ ಕಸ ಬೇರ್ಪಡಿಸಿ ಗೊಬ್ಬರ ಮಾಡುವ ಸಮಗ್ರ ಮಾರ್ಗದರ್ಶಿ

ಅಪಾರ್ಟ್‌ಮೆಂಟುಗಳಲ್ಲಿ ಕಸ ಬೇರ್ಪಡಿಸುವ ಯೋಜನೆ ಹಳ್ಳ ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಬಣ್ಣಬಣ್ಣದ ಡಬ್ಬಗಳು ಬರುತ್ತವೆ, ಲಿಫ್ಟಿನಲ್ಲಿ ಪೋಸ್ಟರ್ ಅಂಟುತ್ತದೆ, ಗೊಬ್ಬರದ ತೊಟ್ಟಿಗೆ ರಿಬ್ಬನ್ ಕತ್ತರಿಸುತ್ತಾರೆ. ಕೆಲವೇ ವಾರಗಳಲ್ಲಿ ಹಸಿ ಕಸದ ಡ್ರಮ್ಮಿನಲ್ಲಿ ಪ್ಲಾಸ್ಟಿಕ್ ಚೀಲಗಳು ಕಾಣಿಸಿಕೊಳ್ಳುತ್ತವೆ. ಆಮೇಲೆ ತೊಟ್ಟಿ ನಾರುತ್ತದೆ, ಕೆಳಗಿನ ಮಹಡಿಯವರು ದೂರು ಕೊಡುತ್ತಾರೆ, ಸಂಘದ ಸಭೆಯಲ್ಲಿ ಮಾತು ಬೆಳೆಯುತ್ತದೆ, ಎಲ್ಲವೂ ಮತ್ತೆ ಒಂದೇ ಡಬ್ಬಕ್ಕೆ ಬೀಳುತ್ತದೆ.

ಇದಕ್ಕೆ ಜನರ ಸೋಮಾರಿತನವನ್ನು ದೂರುವುದು ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ಒಂಟಿ ಮನೆಯ ಮುಂದಿಟ್ಟ ಕಸಕ್ಕೆ ಒಡೆಯ ಯಾರೆಂದು ಬೀದಿಗೆಲ್ಲ ಗೊತ್ತು. ಬಹುಮಹಡಿ ಕಟ್ಟಡದ ಸಾಮೂಹಿಕ ಡಬ್ಬದಲ್ಲಿ ಯಾವ ಚೀಲ ಯಾರದೆಂದು ಹೇಳುವವರಿಲ್ಲ. ಅದರ ಮೇಲೆ, ಬೆರಕೆ ಕಸ ಎಸೆಯಲು ಹತ್ತು ಹೆಜ್ಜೆ ಸಾಕಾಗಿ, ಬೇರ್ಪಡಿಸಿದ್ದನ್ನು ಹಾಕಲು ನೆಲಮಾಳಿಗೆಯ ಕತ್ತಲ ಮೂಲೆಗೆ ಹೋಗಬೇಕಾದರೆ, ಒಳ್ಳೆಯ ಮನಸ್ಸಿನವರೂ ವಾರದೊಳಗೆ ಸೋಲುತ್ತಾರೆ. ಆದ್ದರಿಂದ ಈ ಕೆಲಸದಲ್ಲಿ ಉಪದೇಶಕ್ಕಿಂತ ಜಾಗ, ದೂರ ಮತ್ತು ಹೊತ್ತಿನ ಏರ್ಪಾಡು ಮುಖ್ಯ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಎಂಟು ಬಗೆಯ ಡಬ್ಬ ಇಟ್ಟು ಎಲ್ಲವನ್ನೂ ಒಂದೇ ದಿನ ಶುರು ಮಾಡಬೇಡಿ. ಹಸಿ ಕಸವೊಂದನ್ನು ಶುದ್ಧವಾಗಿ ಹೊರಗೆ ತೆಗೆದರೆ ಅರ್ಧ ಕೆಲಸ ಮುಗಿಯಿತು. ಕಾಗದ ಒದ್ದೆಯಾಗುವುದು, ಡಬ್ಬ ಅಂಟಂಟಾಗುವುದು, ವಾಸನೆ, ನೊಣ, ಇಲಿ ಎಲ್ಲಕ್ಕೂ ಮೂಲ ಒಣ ಕಸದೊಳಗೆ ಸೇರಿದ ಹಸಿಯೇ. ಹಸಿ ಬೇರೆಯಾದ ಮೇಲೆ ಉಳಿದದ್ದನ್ನು ನಿಧಾನವಾಗಿ, ಮೂಗು ಮುಚ್ಚಿಕೊಳ್ಳದೆ ವಿಂಗಡಿಸಬಹುದು.

1. ಒಂದು ವಾರ ತೂಗಿ

ಡಬ್ಬ, ಯಂತ್ರ ಯಾವುದನ್ನೂ ಕೊಳ್ಳುವ ಮುನ್ನ ಏಳು ದಿನ ಕಟ್ಟಡದ ಒಟ್ಟು ಕಸವನ್ನು ತೂಗಿ ಬರೆದಿಡಿ. 50 ಕೆ.ಜಿ.ವರೆಗೆ ತೂಗುವ ನೇತುಹಾಕುವ ತಕ್ಕಡಿ ಸಾಕು. ಸಮಾರಂಭ, ಸಾಲುರಜೆಗಳಿಲ್ಲದ ವಾರವನ್ನು ಆರಿಸಿಕೊಳ್ಳಿ. ಅದರಲ್ಲಿ ಒಂದು ದಿನದ ಕಸವನ್ನು ಟಾರ್ಪಾಲಿನ ಮೇಲೆ ಸುರಿದು ಕೈಯಾರೆ ವಿಂಗಡಿಸಿ. ದಪ್ಪ ಕೈಗವಸು, ಮುಚ್ಚಿದ ಬೂಟು, ಇಕ್ಕಳ ಬೇಕೇ ಬೇಕು. ಬೆರಕೆ ಕಸದೊಳಗೆ ಒಡೆದ ಗಾಜು, ಬ್ಲೇಡು, ಸೂಜಿ ಇರುತ್ತವೆಂದೇ ತಿಳಿದು ಕೈ ಹಾಕಿ. ಹಸಿ, ಕಾಗದ, ಪ್ಲಾಸ್ಟಿಕ್, ಲೋಹ ಮತ್ತು ಗಾಜು, ಸ್ಯಾನಿಟರಿ ಕಸ, ಅಪಾಯಕಾರಿ ಕಸ, ಇತರೆ ಎಂದು ಏಳು ರಾಶಿ ಮಾಡಿ ಒಂದೊಂದನ್ನೂ ತೂಗಿ.

ಇದರಿಂದ ಸಿಗಬೇಕಾದ ಅಂಕಿ ಎರಡು. ದಿನಕ್ಕೆ ಒಂದು ಮನೆಯಿಂದ ಎಷ್ಟು ಹಸಿ ಕಸ ಬರುತ್ತದೆ ಎಂಬುದು ಒಂದು. ಮುಂದಿನ ಎಲ್ಲ ಲೆಕ್ಕವೂ ಇದರ ಮೇಲೆಯೇ ನಿಂತಿದೆ. ಎರಡನೆಯದು, ಬೇರ್ಪಡಿಕೆ ಶುರುವಾದ ಮೇಲೆ, ಹಸಿ ಕಸದ ಡಬ್ಬದಲ್ಲಿ ಹಸಿಯಲ್ಲದ್ದು ಎಷ್ಟಿದೆ ಎಂಬುದು. ಇದನ್ನು ತೂಕದಲ್ಲಿ ಮಾತ್ರ ಅಳೆದರೆ ಮೋಸಹೋಗುತ್ತೀರಿ. ತೆಳು ಪ್ಲಾಸ್ಟಿಕ್‌ಗೆ ತೂಕವೇ ಇಲ್ಲ. ನೂರು ಕಿಲೋ ಹಸಿ ಕಸದಲ್ಲಿ ಇನ್ನೂರು ಕವರು ಸೇರಿದ್ದರೂ ತಕ್ಕಡಿ ಒಂದೆರಡು ಕಿಲೋ ಮಾತ್ರ ತೋರಿಸುತ್ತದೆ. ಆದ್ದರಿಂದ ತೂಗುವುದರ ಜೊತೆಗೆ ಚೀಲಗಳನ್ನು ಎಣಿಸಿ. ಗೊಬ್ಬರ ಶುರು ಮಾಡಲು ನೂರು ಕಿಲೋಗೆ 2 ಕಿಲೋ ಬೆರಕೆಯೇ ಮೇಲಿನ ಮಿತಿ ಎಂದು ಇಟ್ಟುಕೊಳ್ಳಿ.

2. ಯಾರು ಒಯ್ಯುತ್ತಾರೆ ಎಂದು ಕೇಳಿದ ಮೇಲೆ ಏನು ಬೇರ್ಪಡಿಸಬೇಕೆಂದು ತೀರ್ಮಾನಿಸಿ

ಕೊಳ್ಳುವವರೇ ಇಲ್ಲದ ವಸ್ತುವನ್ನು ಎಷ್ಟು ಚೆನ್ನಾಗಿ ಬೇರ್ಪಡಿಸಿದರೂ ಅದು ಕೊನೆಗೆ ಸೇರುವುದು ಕಸದ ಗುಡ್ಡವನ್ನೇ. ಒಣ ಕಸ ಒಯ್ಯುವವರನ್ನು, ಅಂದರೆ ಗುಜರಿಯವರು, ಸಂಗ್ರಹ ಕೇಂದ್ರ, ಸ್ಥಳೀಯ ಆಡಳಿತದ ವಾಹನ ಯಾರೇ ಇರಲಿ, ನಾಲ್ಕು ಪ್ರಶ್ನೆ ಕೇಳಿ ಉತ್ತರವನ್ನು ಬರೆದುಕೊಳ್ಳಿ: ಯಾವ ಯಾವ ವಸ್ತು ಒಯ್ಯುತ್ತೀರಿ? ಯಾವ ರೂಪದಲ್ಲಿ ಬೇಕು? ಒಂದು ಸಲಕ್ಕೆ ಕನಿಷ್ಠ ಎಷ್ಟಿರಬೇಕು? ವಾರಕ್ಕೆ ಎಷ್ಟು ಸಲ ಬರುತ್ತೀರಿ? ಎಲ್ಲ ಒಣ ಕಸವನ್ನೂ ಒಟ್ಟಿಗೆ ಒಯ್ದು ತಾವೇ ವಿಂಗಡಿಸುವವರು ಸಿಕ್ಕರೆ ಮನೆಮನೆಯಲ್ಲಿ ಆರು ಡಬ್ಬದ ಹಂಗು ಬೇಡ. ದಿನನಿತ್ಯದ ಕಸಕ್ಕೆ ಹಸಿ, ಒಣ, ಬೇಡವಾದದ್ದು (ಯಾರೂ ಒಯ್ಯದ್ದು) ಎಂಬ ಮೂರೇ ಸಾಕು; ಬ್ಯಾಟರಿ, ಸೂಜಿ, ಪ್ಯಾಡಿನಂಥವು ಮಾತ್ರ ಬೇರೆ.

ಪ್ಲಾಸ್ಟಿಕ್ ಡಬ್ಬದ ತಳದ ತ್ರಿಕೋನದೊಳಗಿನ ಸಂಖ್ಯೆ ಅನೇಕರನ್ನು ದಾರಿ ತಪ್ಪಿಸುತ್ತದೆ. 1988ರಲ್ಲಿ ಶುರುವಾದ ಈ 1ರಿಂದ 7ರ ಸಂಖ್ಯೆ ಹೇಳುವುದು ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದಷ್ಟೇ. ಮರುಬಳಕೆ ಆಗುತ್ತದೆ ಎಂದಲ್ಲ. ಬಾಣಗಳ ತ್ರಿಕೋನ ಆ ತಪ್ಪು ತಿಳಿವಳಿಕೆಗೆ ಕಾರಣವಾಯಿತೆಂದೇ 2013ರಲ್ಲಿ ಮಾನದಂಡವನ್ನು ತಿದ್ದಿ ಬಾಣವಿಲ್ಲದ ತ್ರಿಕೋನ ತಂದರು. 1 (ಪೆಟ್ ಬಾಟಲಿ), 2 (ಹಾಲು, ಶಾಂಪೂ, ಮಾರ್ಜಕದ ಗಟ್ಟಿ ಡಬ್ಬ) ಮತ್ತು 5 (ಊಟದ ಡಬ್ಬ, ಮುಚ್ಚಳ) ಸಾಮಾನ್ಯವಾಗಿ ಮಾರಾಟವಾಗುತ್ತವೆ. 3, ಅಂದರೆ ಪಿವಿಸಿ, ಪೆಟ್ ಜೊತೆ ಬೆರೆತರೆ ಕರಗಿಸುವಾಗ ಆಮ್ಲ ಬಿಟ್ಟು ಇಡೀ ಪಾಕವನ್ನು ಕೆಡಿಸುತ್ತದೆ. ಬೆಳ್ಳಿ ಬಣ್ಣದ ಒಳಮೈಯ ತಿಂಡಿ ಪೊಟ್ಟಣದಲ್ಲಿ ಪ್ಲಾಸ್ಟಿಕ್ ಪದರ, ಲೋಹದ ಪದರ ಅಂಟಿಕೊಂಡಿರುವುದರಿಂದ ಅದನ್ನು ಬಿಡಿಸುವುದೇ ಕಷ್ಟ. ಕಡುಗಪ್ಪು ಪ್ಲಾಸ್ಟಿಕ್ ತಟ್ಟೆಗಳನ್ನು ವಿಂಗಡಣೆ ಯಂತ್ರದ ಅತಿಗೆಂಪು ಕಣ್ಣು ಗುರುತಿಸದು, ಏಕೆಂದರೆ ಕಪ್ಪಿಗೆ ಬಳಸುವ ಇಂಗಾಲದ ಪುಡಿ ಆ ಬೆಳಕನ್ನು ನುಂಗಿಬಿಡುತ್ತದೆ.

ಕಾಗದದಲ್ಲಿ ಒದ್ದೆ, ಎಣ್ಣೆ ಎರಡೂ ಶತ್ರು. ಎಣ್ಣೆ ಹಿಡಿದ, ಮೇಣ ಅಥವಾ ಪ್ಲಾಸ್ಟಿಕ್ ಲೇಪವಿಲ್ಲದ ಕಾಗದ ಗೊಬ್ಬರಕ್ಕೆ ಹೋಗಲಿ. ಅಂಗಡಿಯ ನುಣುಪು ರಸೀದಿ ಶಾಖ ತಾಗಿದರೆ ಬಣ್ಣ ಮೂಡಿಸುವ ರಾಸಾಯನಿಕ ಬಳಿದ ಕಾಗದ. ಅದು ಎರಡಕ್ಕೂ ಬೇಡ, ಬೇಡವಾದದ್ದರ ಡಬ್ಬಕ್ಕೆ. ಗಾಜಿನಲ್ಲಿ ಬಾಟಲಿ, ಜಾಡಿ ಮಾತ್ರ. ಓವನ್ನಿಗೆ ಇಡುವ ಗಾಜಿನ ಪಾತ್ರೆ, ಪಿಂಗಾಣಿ ಬಾಟಲಿ ಗಾಜಿನ ಉಷ್ಣತೆಯಲ್ಲಿ ಕರಗದಿರುವುದರಿಂದ ಅದರ ಕುಲುಮೆಗೆ ಕಲ್ಲಿನ ಹಾಗೆ. ಹಿಂಬದಿಗೆ ಲೇಪವಿರುವ ಕನ್ನಡಿಯೂ ಬೇಡ. ಅಲ್ಯೂಮಿನಿಯಂ ಅನ್ನು ಮಾತ್ರ ಒಂದು ಚೂರೂ ಬಿಡಬೇಡಿ. ಅದಿರಿನಿಂದ ತೆಗೆಯುವುದಕ್ಕೆ ಹೋಲಿಸಿದರೆ ಮರುಬಳಕೆಯಲ್ಲಿ ಸುಮಾರು ಶೇ. 95ರಷ್ಟು ಶಕ್ತಿ ಉಳಿತಾಯವಾಗುತ್ತದೆ.

ತೊಳೆಯುವ ವಿಷಯದಲ್ಲಿ ಅತಿ ಬೇಡ. ಫಳಫಳ ಹೊಳೆಯಬೇಕಿಲ್ಲ. ಖಾಲಿ ಮಾಡಿ, ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಒಮ್ಮೆ ಕುಲುಕಿ, ಬೋರಲು ಹಾಕಿದರೆ ಸಾಕು. ಪರೀಕ್ಷೆ ಇಷ್ಟೇ: ಅದನ್ನು ಕಾಗದದ ಮೇಲಿಟ್ಟರೆ ಕಾಗದ ಒದ್ದೆಯಾಗಬಾರದು.

ಬ್ಯಾಟರಿಯ ಬಗ್ಗೆ ಮಾತ್ರ ಯಾವ ರಿಯಾಯಿತಿಯೂ ಬೇಡ. ಲಿಥಿಯಂ ಬ್ಯಾಟರಿ ಒಣ ಕಸದ ವಾಹನದಲ್ಲಿ ಜಜ್ಜಿಹೋದರೆ ಬೆಂಕಿ ಹತ್ತುತ್ತದೆ, ಪಕ್ಕದಲ್ಲಿ ಕಾಗದದ ರಾಶಿಯೇ ಇರುತ್ತದೆ. ತುದಿಗಳಿಗೆ ಟೇಪ್ ಸುತ್ತಿ, ಒಣ ಮರಳು ತುಂಬಿದ ಲೋಹದ ಡಬ್ಬದಲ್ಲಿ ಇಡಿ. ಉಬ್ಬಿದ ಬ್ಯಾಟರಿಯನ್ನು ಕಟ್ಟಡದ ಒಳಗೆ ಇಟ್ಟುಕೊಳ್ಳಲೇಬೇಡಿ, ತೆರೆದ ಜಾಗದಲ್ಲಿಟ್ಟು ಕೂಡಲೇ ಕಳಿಸಿ. ಸುರುಳಿ ಆಕಾರದ ಹಳೆಯ ದೀಪಗಳಲ್ಲಿ ಪಾದರಸ ಇರುವುದರಿಂದ ಅವು ಒಡೆಯದಂತೆ ಬೇರೆ ಪೆಟ್ಟಿಗೆಯಲ್ಲಿರಲಿ. ಸೂಜಿ, ಬ್ಲೇಡು ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿ. ಸ್ಯಾನಿಟರಿ ಪ್ಯಾಡು, ಡೈಪರು ಕಾಗದದಲ್ಲಿ ಸುತ್ತಿ, ನೋಡಿದ ಕೂಡಲೇ ತಿಳಿಯುವಂತೆ ಗುರುತು ಹಾಕಿ, ಪ್ರತ್ಯೇಕವಾಗಿ.

3. ಸರಿಯಾದದ್ದು ಸುಲಭವಾಗಲಿ, ತಪ್ಪಾದದ್ದು ತ್ರಾಸವಾಗಲಿ

ಬೆರಕೆ ಕಸದ ಡಬ್ಬ ಎಲ್ಲೂ ಒಂಟಿಯಾಗಿ ಇರಕೂಡದು. ಪಾರ್ಕಿಂಗ್, ಟೆರೇಸು, ಲಾಬಿ ಎಲ್ಲಿ ಒಂಟಿ ಡಬ್ಬ ಇದೆಯೋ ಅಲ್ಲಿ ಎಲ್ಲ ಕಸವೂ ಅದರೊಳಕ್ಕೆ ಹೋಗುತ್ತದೆ. ಡಬ್ಬ ಇಟ್ಟರೆ ಮೂರನ್ನೂ ಒತ್ತೊತ್ತಾಗಿ ಇಡಿ, ಇಲ್ಲವೇ ಒಂದನ್ನೂ ಇಡಬೇಡಿ. ಮಹಡಿಯಿಂದ ಕೆಳಕ್ಕೆ ಕಸ ಜಾರಿಸುವ ಕೊಳವೆ ಇದ್ದರೆ ಬೀಗ ಹಾಕಿ ಮುಚ್ಚುವುದೇ ಲೇಸು. ಅದರಲ್ಲಿ ಬಿದ್ದ ಹಸಿ ಕಸದ ಚೀಲ ಒಡೆಯುತ್ತದೆ, ಗೋಡೆಗೆ ಅಂಟಿದ್ದನ್ನು ತೊಳೆಯಲಾಗದು, ಯಾರು ಹಾಕಿದರೆಂದು ತಿಳಿಯುವ ಸಾಧ್ಯತೆಯೂ ಇಲ್ಲ.

ಜಾಗ ಆರಿಸುವಾಗ ಜನ ದಿನವೂ ಹೊರಗೆ ಹೋಗುವ ದಾರಿಯನ್ನು ನೋಡಿ, ಖಾಲಿ ಬಿದ್ದ ಮೂಲೆಯನ್ನಲ್ಲ. ದೀಪ, ಕೈ ತೊಳೆಯುವ ನಲ್ಲಿ, ನೀರು ನಿಲ್ಲದ ಇಳಿಜಾರು ನೆಲ ಇರಲಿ. ಮುಚ್ಚಳ ಕಾಲಿನಿಂದ ತೆರೆಯುವಂತಿದ್ದರೆ ಜನ ಡಬ್ಬದ ಮೇಲೆ ಕಸ ಇಟ್ಟು ಹೋಗುವುದು ಕಡಿಮೆಯಾಗುತ್ತದೆ. ಒಣ ಕಸದ ಡಬ್ಬಗಳ ಬಾಯಿಯ ಆಕಾರ ಬಣ್ಣಕ್ಕಿಂತ ಚೆನ್ನಾಗಿ ಮಾತಾಡುತ್ತದೆ: ಕಾಗದಕ್ಕೆ ಉದ್ದ ಸೀಳು, ಬಾಟಲಿಗೆ ದುಂಡು ತೂತು. ಚೀಲ ಕಟ್ಟಿ ತಂದವರಿಗೆ ಅದು ಹಿಡಿಸುವುದೇ ಇಲ್ಲ.

ಹಸಿ ಕಸಕ್ಕೆ 120 ಲೀಟರಿಗಿಂತ ದೊಡ್ಡ ಗಾಲಿ ಡಬ್ಬ ಬೇಡ. ಹಸಿ ಕಸ ಭಾರ. 120 ಲೀಟರ್ ತುಂಬಿದರೆ 60 ಕಿಲೋ ಆಸುಪಾಸು ಆಗುತ್ತದೆ. 240 ಲೀಟರಿನದು ತುಂಬಿದರೆ ಒಬ್ಬರಿಂದ ಬಗ್ಗಿಸಲೂ ಆಗದು, ಸೊಂಟ ಹಿಡಿಯುವುದು ಅದನ್ನು ತಳ್ಳುವ ಕೆಲಸದವರಿಗೆ.

4. ಅಡುಗೆಮನೆಯ ಬಕೆಟ್ಟು

ಪ್ರತಿ ಮನೆಗೂ ಮುಚ್ಚಳವಿರುವ 7ರಿಂದ 10 ಲೀಟರಿನ ಬಕೆಟ್ಟು ಕೊಡಿ. ಒಳಗೆ ಚೀಲ ಇಲ್ಲ. ಎಲ್ಲ ಕಡೆ ಎಡವುವುದು ಇಲ್ಲೇ. ಹಸಿ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟರೆ ಒಳಗೆ ಏನಿದೆ ಎಂದು ಕಾಣದು. ಚೀಲ ಬಿಚ್ಚಿ ಸುರಿಯಲು ಜನ ಹೇಸಿ ಇಡಿಯಾಗಿ ಎಸೆಯುತ್ತಾರೆ. ಒಂದು ಚೀಲ ಡ್ರಮ್ಮಿನಲ್ಲಿ ಕಂಡರೆ ಮುಂದಿನವರೂ ಹಾಗೇ ಮಾಡುತ್ತಾರೆ. 'ಗೊಬ್ಬರವಾಗುವ ಪ್ಲಾಸ್ಟಿಕ್' ಎಂದು ಬರೆದಿರುವ ಚೀಲವೂ ಬೇಡ. ಅವುಗಳ ಪರೀಕ್ಷೆ ನಡೆದಿರುವುದು ಸಾಮಾನ್ಯವಾಗಿ 58 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖವನ್ನು ವಾರಗಟ್ಟಲೆ ಹಿಡಿದಿಡುವ ದೊಡ್ಡ ಘಟಕಗಳ ಸ್ಥಿತಿಯಲ್ಲಿ. ಕಟ್ಟಡದ ತೊಟ್ಟಿಯಲ್ಲಿ ಅವು ಹಾಗೇ ಉಳಿಯುತ್ತವೆ, ಸಾಲದ್ದಕ್ಕೆ ಸಾಮಾನ್ಯ ಪ್ಲಾಸ್ಟಿಕ್ಕಿನಿಂದ ಬೇರೆ ಮಾಡಿ ಗುರುತಿಸುವುದೂ ಆಗದು.

ಬಕೆಟ್ಟಿನ ತಳಕ್ಕೆ ಎರಡು ಹಾಳೆ ಹಳೆಯ ಪತ್ರಿಕೆ ಹಾಸಿ. ಸಾರು, ತಿಳಿ ಇದ್ದರೆ ಸಿಂಕಿನಲ್ಲಿ ಜಾಲರಿಯಿಂದ ಬಸಿದು ಗಟ್ಟಿಯನ್ನು ಮಾತ್ರ ಹಾಕಿ. ದಿನಕ್ಕೊಮ್ಮೆ ಖಾಲಿ ಮಾಡಿ ಪತ್ರಿಕೆಯ ಸಮೇತ ಡ್ರಮ್ಮಿಗೆ ಕೊಡವಿದರೆ ಬಕೆಟ್ಟು ಹೆಚ್ಚುಕಡಿಮೆ ಶುದ್ಧವಾಗಿಯೇ ಇರುತ್ತದೆ. ಹಣ್ಣಿನ ನೊಣ ಕಾಣಿಸಿದರೆ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ ಅಥವಾ ಎರಡು ದಿನದ ಕಸ ಒಳಗಿದೆ ಎಂದು ಅರ್ಥ. ಮಾಂಸ, ಮೀನಿನ ಚೂರುಗಳನ್ನು ಖಾಲಿ ಮಾಡುವ ಹೊತ್ತಿನವರೆಗೆ ಡಬ್ಬದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ವಾಸನೆಯೇ ಇಲ್ಲ.

5. ಒಂದು ಬ್ಲಾಕಿನಿಂದ ಶುರು ಮಾಡಿ

ಇಡೀ ಕಟ್ಟಡಕ್ಕೆ ಒಂದೇ ದಿನ ಜಾರಿ ಮಾಡಬೇಡಿ. ಒಪ್ಪುವವರು ಹೆಚ್ಚಿರುವ ಎರಡು ಮಹಡಿ ಅಥವಾ ಒಂದು ಬ್ಲಾಕಿನಲ್ಲಿ ಮೂರು ವಾರ ನಡೆಸಿ ನೋಡಿ. ಡಬ್ಬದ ಅಳತೆ, ಕಸ ಎತ್ತುವ ಹೊತ್ತು, ಸೂಚನಾ ಫಲಕದ ಮಾತು ಎಲ್ಲದರಲ್ಲೂ ತಪ್ಪಿರುತ್ತದೆ. ಇಪ್ಪತ್ತು ಮನೆಯಲ್ಲಿ ತಿದ್ದುವುದು ಇನ್ನೂರು ಮನೆಯಲ್ಲಿ ತಿದ್ದುವುದಕ್ಕಿಂತ ಸುಲಭ.

ಮನೆಗೆ ಹೋಗಿ ಹೇಳುವುದಕ್ಕೆ ಬದಲಿ ಇಲ್ಲ. ಬಾಗಿಲ ಬಳಿ ಐದು ನಿಮಿಷ, ಕೈಯಲ್ಲಿ ಬಕೆಟ್ಟು, ಅದರಲ್ಲಿ ಜನ ಗೊಂದಲಪಡುವ ಆರೇಳು ವಸ್ತು: ಟೀ ಚೀಲ, ಹಾಲಿನ ಪೊಟ್ಟಣ, ಎಣ್ಣೆ ಹಿಡಿದ ಡಬ್ಬ, ಟಿಶ್ಯೂ, ಮೂಳೆ, ಮೊಟ್ಟೆಚಿಪ್ಪು, ರಸೀದಿ. ಯಾವುದು ಎಲ್ಲಿಗೆ ಎಂದು ಅವರ ಕೈಯಲ್ಲೇ ಹಾಕಿಸಿ. ಮನೆಯ ಯಜಮಾನರಿಗೆ ಹೇಳಿ ಬಂದುಬಿಟ್ಟರೆ ಆಗದು. ನಿಜವಾಗಿ ಕಸ ಹೊರಹಾಕುವವರು ಮನೆಗೆಲಸದವರೋ ಅಡುಗೆಯವರೋ ಆಗಿದ್ದರೆ ಅವರಿಗೇ, ಅವರ ಭಾಷೆಯಲ್ಲೇ, ಅವರು ಬರುವ ಹೊತ್ತಿಗೇ ಹೋಗಿ ಹೇಳಬೇಕು.

ಫಲಕದಲ್ಲಿ ಅಕ್ಷರ ಕಡಿಮೆ, ಫೋಟೋ ಹೆಚ್ಚು ಇರಲಿ. ಅಂತರ್ಜಾಲದ ಚಿತ್ರಗಳಿಗಿಂತ ನಿಮ್ಮ ಡಬ್ಬದಲ್ಲೇ ಸಿಕ್ಕ ವಸ್ತುಗಳ ಫೋಟೋ ಹೆಚ್ಚು ನಾಟುತ್ತದೆ. ಡಬ್ಬದ ಮೇಲೆ, ಕಣ್ಣಿನ ಎತ್ತರದಲ್ಲಿ ಅಂಟಿಸಿ. ನೋಟಿಸ್ ಬೋರ್ಡಿನಲ್ಲಿ ಹಾಕಿದ್ದು ಕಸ ಹಿಡಿದ ಕೈಗೆ ಉಪಯೋಗವಿಲ್ಲ.

6. ತಪ್ಪು ತಿಳಿಯಬೇಕಾದದ್ದು ಅಂದೇ

ಬೆರಕೆ ಮಾಡಿದ ಮನೆಗೆ ತಿಂಗಳ ಸಭೆಯಲ್ಲಿ ಹೇಳಿದರೆ ಯಾರಿಗೂ ನೆನಪಿರದು, ಅವಮಾನ ಮಾತ್ರ ಉಳಿಯುತ್ತದೆ. ಬಾಗಿಲಿನಿಂದ ಕಸ ಎತ್ತುವ ಏರ್ಪಾಡಿದ್ದರೆ ಇದು ಸುಲಭ: ಬೆರೆತ ಬಕೆಟ್ಟನ್ನು ಮುಟ್ಟದೆ, ಕಾರಣಕ್ಕೆ ಗುರುತು ಹಾಕಿದ ಚೀಟಿ ನೇತುಹಾಕಿ ಮುಂದೆ ಹೋಗುವುದು. "ಇಂದು ಹಸಿ ಕಸದಲ್ಲಿ ಪ್ಲಾಸ್ಟಿಕ್ ಕವರ್ ಇತ್ತು. ತೆಗೆದಿಟ್ಟರೆ ನಾಳೆ ಒಯ್ಯುತ್ತೇವೆ" ಎಂಬಷ್ಟೇ ಸಾಕು. ಚೀಟಿ ಹಾಕುವ ಅಧಿಕಾರ ಕಸ ಎತ್ತುವವರಿಗೆ ಇದೆಯೆಂದು ಸಂಘ ಬರಹದಲ್ಲಿ ಕೊಡಬೇಕು, ಇಲ್ಲವಾದರೆ ನಿವಾಸಿ ಗದರಿದ ಕೂಡಲೇ ಅವರು ಸುಮ್ಮನೆ ಎತ್ತಿಕೊಂಡು ಹೋಗುತ್ತಾರೆ. ಮೊದಲ ಮೂರು ವಾರ ಪ್ರತಿ ಮಹಡಿಯಿಂದ ಒಬ್ಬರು ಸ್ವಯಂಸೇವಕರು ಅವರ ಜೊತೆ ಓಡಾಡಿದರೆ ಇನ್ನೂ ಒಳ್ಳೆಯದು.

ಸಾಮೂಹಿಕ ಡಬ್ಬವಾದರೆ ಮನೆ ಗುರುತಿಸುವುದು ಕಷ್ಟ. ಆಗ ದಿನಕ್ಕೆ ಎರಡು ಗಂಟೆ ಮಾತ್ರ ಡಬ್ಬ ತೆರೆದಿಟ್ಟು ಒಬ್ಬರು ನಿಲ್ಲಲಿ. ನಿಂತವರು ಬೈಯಬೇಕಿಲ್ಲ, ನಿಂತಿದ್ದರೆ ಸಾಕು.

ಒಳ್ಳೆಯ ಸುದ್ದಿಯನ್ನೂ ತೋರಿಸಿ. ಪ್ರತಿ ವಾರ ಮಹಡಿವಾರು ಚೀಲಗಳ ಎಣಿಕೆ, ಒಣ ಕಸ ಮಾರಿದ ತೂಕ, ತಯಾರಾದ ಗೊಬ್ಬರದ ತೂಕ ಲಿಫ್ಟಿನಲ್ಲಿ ಬರೆಯಿರಿ. ಮನೆಯ ನಂಬರು ಹಾಕಬೇಡಿ. ದಂಡ ಕೊನೆಯ ಅಸ್ತ್ರ. ಶುರುವಿನಲ್ಲೇ ದಂಡ ಹೇರಿದರೆ ಜನ ಬೇರ್ಪಡಿಸುವುದನ್ನಲ್ಲ, ಕಸ ಬಚ್ಚಿಡುವುದನ್ನು ಕಲಿಯುತ್ತಾರೆ; ಪಕ್ಕದ ಖಾಲಿ ಜಾಗದಲ್ಲಿ ಗಂಟುಗಳು ಕಾಣಿಸಿಕೊಳ್ಳುತ್ತವೆ.

ಕಟ್ಟಡದ ಕೆಲಸದವರಿಂದಲೇ ಎಲ್ಲ ವಿಂಗಡಿಸಿಬಿಡೋಣ ಎಂಬ ಉಪಾಯ ಸಭೆಯಲ್ಲಿ ಬಂದೇ ಬರುತ್ತದೆ. ಒಪ್ಪಬೇಡಿ. ಬೆರೆತ ಮೇಲೆ ಬಿಡಿಸಿದ ಹಸಿಯಲ್ಲಿ ಚೂರುಪಾರು ಉಳಿದೇ ಉಳಿಯುತ್ತದೆ, ಕಾಗದ ಆಗಲೇ ಹಾಳಾಗಿರುತ್ತದೆ, ಮತ್ತೊಬ್ಬರ ಡೈಪರನ್ನು ಕೈಯಲ್ಲಿ ಹೆಕ್ಕುವುದು ಯಾರ ಕೆಲಸವೂ ಅಲ್ಲ.

7. ಗೊಬ್ಬರ: ತೊಟ್ಟಿಗಿಂತ ತರಗೆಲೆಯ ಲೆಕ್ಕ ಮೊದಲು

ಹಸಿ ಕಸ ಮೂರು ನಾಲ್ಕು ವಾರ ಶುದ್ಧವಾಗಿ ಬಂದ ಮೇಲೆ ಗೊಬ್ಬರಕ್ಕೆ ಕೈ ಹಾಕಿ. ಅಲ್ಲಿಯವರೆಗೆ ಒಯ್ಯುವವರಿಗೆ ಕೊಡಿ.

ಗೊಬ್ಬರ ಮಾಡುವುದು ಸೂಕ್ಷ್ಮಜೀವಿಗಳು. ಅವುಗಳಿಗೆ ಗಾಳಿ, ತೇವ, ಮತ್ತು ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಬೇಕು. ಅಡುಗೆಮನೆಯ ಕಸದಲ್ಲಿ ಈ ಪಾಲು 15ರಿಂದ 20 ಮಾತ್ರ, ಮೇಲಾಗಿ ಅದರ ತೂಕದಲ್ಲಿ ನೂರಕ್ಕೆ ಸುಮಾರು 80 ಭಾಗ ನೀರು. ಅದೊಂದನ್ನೇ ತುಂಬಿದರೆ ಗಾಳಿಯಾಡದ ಮುದ್ದೆಯಾಗಿ ಕೊಳೆಯುತ್ತದೆ. ತರಗೆಲೆ, ಮರದ ಹೊಟ್ಟು, ಹರಿದ ರಟ್ಟು ಬೆರೆಸುವುದು ಇಂಗಾಲಕ್ಕೆ ಮಾತ್ರವಲ್ಲ, ನೀರು ಹೀರಿ ಗಾಳಿಗೆ ದಾರಿ ಬಿಡಿಸುವುದಕ್ಕೂ.

ಎಷ್ಟು ಬೇಕು? ತೇವ 60 ಭಾಗಕ್ಕೆ ಇಳಿಯಬೇಕೆಂದರೆ, 80 ಭಾಗ ನೀರಿರುವ 10 ಕಿಲೋ ಹಸಿ ಕಸಕ್ಕೆ ಚೆನ್ನಾಗಿ ಒಣಗಿದ ಎಲೆ 4 ಕಿಲೋ ಬೇಕು. 60 ಮನೆಗಳಿಂದ ಮನೆಗೆ 600 ಗ್ರಾಮಿನಂತೆ ದಿನಕ್ಕೆ 36 ಕಿಲೋ ಬರುತ್ತದೆ ಎಂದುಕೊಂಡರೆ ತರಗೆಲೆ ದಿನಕ್ಕೆ 14 ಕಿಲೋ, ತಿಂಗಳಿಗೆ 420 ಕಿಲೋ. ಬಿಡಿ ಎಲೆಗೆ ಇದು ಒಂದು ಕೋಣೆಯಷ್ಟು ಜಾಗ! ತೊಟ್ಟಿ ಕೊಂಡು ಇದನ್ನು ಮರೆತವರೇ ವಾಸನೆಯ ದೂರಿಗೆ ಗುರಿಯಾಗುವುದು. ಎಲೆ ಉದುರುವ ಕಾಲದಲ್ಲಿ ಪುಡಿಮಾಡಿ ಗೋಣಿಚೀಲದಲ್ಲಿ ಒತ್ತಿ ತುಂಬಿ, ಮಳೆ ತಾಗದಂತೆ ಇಟ್ಟುಕೊಳ್ಳಿ. ಎರಡು ತಿಂಗಳ ದಾಸ್ತಾನು ಇಲ್ಲದೆ ಶುರು ಮಾಡಬೇಡಿ. ಜರಡಿಯಲ್ಲಿ ಉಳಿದ ಒರಟು ಗೊಬ್ಬರವನ್ನು ಮತ್ತೆ ಬೆರೆಸಿದರೆ ತರಗೆಲೆಯ ಖರ್ಚು ಸ್ವಲ್ಪ ತಗ್ಗುತ್ತದೆ, ಜೀವಾಣುಗಳೂ ಸಿಗುತ್ತವೆ. ಪ್ಲೈವುಡ್, ಬಣ್ಣ ಬಳಿದ ಮರದ ಹೊಟ್ಟು ಮಾತ್ರ ಬೇಡ, ಅದರಲ್ಲಿ ಅಂಟು, ರಾಸಾಯನಿಕ ಇರುತ್ತದೆ.

ರಾಶಿ ತನ್ನಷ್ಟಕ್ಕೆ ಬಿಸಿಯಾಗಬೇಕಾದರೆ ಒಂದು ಘನ ಮೀಟರ್, ಅಂದರೆ ಉದ್ದ, ಅಗಲ, ಎತ್ತರ ತಲಾ ಒಂದು ಮೀಟರಿನಷ್ಟು ಬೇಕು. ಅದಕ್ಕಿಂತ ಚಿಕ್ಕದು ಶಾಖವನ್ನು ಹಿಡಿದಿಡದು. ಮೇಲಿನ ಲೆಕ್ಕದಲ್ಲಿ ದಿನಕ್ಕೆ ಸುಮಾರು 170ರಿಂದ 200 ಲೀಟರ್ ಮಿಶ್ರಣ ತಯಾರಾಗುತ್ತದೆ. ಕೆಳಗಿನದು ಕುಸಿಯುತ್ತ ಹೋಗುವುದರಿಂದ ಒಂದು ಘನ ಮೀಟರಿನ ತೊಟ್ಟಿ ತುಂಬಲು ಎಂಟೊಂಬತ್ತು ದಿನ ಹಿಡಿಯುತ್ತದೆ. ತುಂಬಿದ ಮೇಲೆ 30 ದಿನ ಬೇಯಬೇಕು. ಹೀಗಾಗಿ ತೊಟ್ಟಿ ಐದು, ತಿರುವಿ ಹಾಕಲು ಖಾಲಿ ಇರುವುದೊಂದು, ಒಟ್ಟು ಆರು. ಜೊತೆಗೆ ಹದವಾಗಲು ಇನ್ನೊಂದು ತಿಂಗಳು ಗುಡ್ಡೆ ಹಾಕಿಡಲು ನೆರಳಿನ ನೆಲ. ತೊಟ್ಟಿಯ ಗೋಡೆಗಳಲ್ಲಿ ಗಾಳಿಯ ಕಿಂಡಿ, ಅದಕ್ಕೆ 6 ಮಿಲಿಮೀಟರಿಗಿಂತ ಕಿರಿದಾದ ಕಣ್ಣಿನ ಗಟ್ಟಿ ತಂತಿ ಬಲೆ (ಇಲಿಮರಿಗೆ ಅಷ್ಟು ಸಂದು ಸಾಕು), ಮಳೆ ತಡೆಯಲು ಚಾವಣಿ, ತಳದಲ್ಲಿ ಸೋರುವ ರಸ ಹಿಡಿಯಲು ಇಳಿಜಾರು ಮತ್ತು ಬಕೆಟ್ಟು. ಮಲಗುವ ಕೋಣೆಯ ಕಿಟಕಿಗಳ ಕೆಳಗೆ ಕಟ್ಟಬೇಡಿ.

ದಿನದ ಕೆಲಸ ಹೀಗೆ. ಬಂದ ಹಸಿ ಕಸವನ್ನು ತಟ್ಟೆಯ ಮೇಲೆ ಹರಡಿ ಒಮ್ಮೆ ಕಣ್ಣಾಡಿಸಿ. ದೊಡ್ಡ ತುಂಡುಗಳನ್ನು ಮೂರು ನಾಲ್ಕು ಸೆಂಟಿಮೀಟರಿಗೆ ಕತ್ತರಿಸಿ. ಅರೆದು ಗಸಿ ಮಾಡಬೇಡಿ, ಗಾಳಿ ನಿಲ್ಲುತ್ತದೆ. ತೂಗಿ, ಅಷ್ಟಕ್ಕೆ ತಕ್ಕ ತರಗೆಲೆಯನ್ನು ಹೊರಗೇ ಚೆನ್ನಾಗಿ ಬೆರೆಸಿ ತೊಟ್ಟಿಗೆ ಹಾಕಿ. ಪದರ ಪದರವಾಗಿ ಹಾಕಿದರೆ ಹಸಿಯ ಪದರ ಹಾಗೇ ಮುದ್ದೆಯಾಗಿ ಉಳಿಯುತ್ತದೆ. ಕೊನೆಗೆ ಐದು ಸೆಂಟಿಮೀಟರ್ ಒಣ ಎಲೆಯ ಹೊದಿಕೆ ಹೊದಿಸಿ. ಹಸಿ ಯಾವತ್ತೂ ಆಕಾಶಕ್ಕೆ ಕಾಣಬಾರದು. ತೊಟ್ಟಿಯ ಮೇಲೆ ಶುರುವಾದ ತಾರೀಖು ಬರೆಯಿರಿ.

ಉದ್ದ ಕಡ್ಡಿಯ ಥರ್ಮಾಮೀಟರನ್ನು ರಾಶಿಯ ನಡುವಿಗೆ ಚುಚ್ಚಿ ನೋಡಿ. ಎರಡು ಮೂರು ದಿನಗಳಲ್ಲಿ ಶಾಖ 55 ಡಿಗ್ರಿ ದಾಟಬೇಕು. 55ರ ಮೇಲೆ ಸತತ ಮೂರು ದಿನ ನಿಂತರೆ ರೋಗಾಣು, ಕಳೆಬೀಜ ಬಹುಪಾಲು ಸಾಯುತ್ತವೆ. ಅಂಚಿನಲ್ಲಿರುವುದು ನಡುವಿಗೆ ಬರಲು ತಿರುವಿ ಹಾಕುವುದು ಅಗತ್ಯ. 65 ದಾಟಿದರೆ ಕೂಡಲೇ ತಿರುವಿ, ಇಲ್ಲವಾದರೆ ಕೆಲಸ ಮಾಡುವ ಜೀವಾಣುಗಳೇ ಸಾಯುತ್ತವೆ. ಆಮೇಲೆ ವಾರಕ್ಕೊಮ್ಮೆ ತಿರುವಿದರೆ ಸಾಕು. ತೇವಕ್ಕೆ ಮುಷ್ಟಿಯೇ ಮಾಪಕ: ಕೈಗವಸು ಹಾಕಿ ಹಿಡಿದು ಹಿಂಡಿದರೆ ಒಂದೆರಡು ಹನಿ ಬರಬೇಕು. ಧಾರೆಯಾದರೆ ಎಲೆ ಸೇರಿಸಿ, ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ.

ಒಂದು ದಿನದಲ್ಲಿ ಗೊಬ್ಬರ ಕೊಡುವ ವಿದ್ಯುತ್ ಯಂತ್ರದ ಬಗ್ಗೆ ಕೇಳಿಯೇ ಇರುತ್ತೀರಿ. ಅದು ಮಾಡುವುದು ಕಾಯಿಸಿ, ಒಣಗಿಸಿ, ಪುಡಿ ಮಾಡುವುದು. ಹೊರಬರುವ ಕಂದುಪುಡಿ ನೋಡಲು ಗೊಬ್ಬರದಂತೆಯೇ ಇರುತ್ತದೆ. ನೀರು ತಾಗಿದ ಕೂಡಲೇ ಮತ್ತೆ ಕೊಳೆಯಲು ತೊಡಗಿ ಬಿಸಿಯಾಗಿ, ನಾರಿ, ಗಿಡದ ಬೇರು ಸುಡುತ್ತದೆ. ಜಾಗವಿಲ್ಲದ ಕಡೆ ಗಾತ್ರ ತಗ್ಗಿಸಲು ಯಂತ್ರ ಆದೀತು, ಆದರೆ ಅದರ ಪುಡಿಯನ್ನು ಎಲೆಯೊಂದಿಗೆ ಬೆರೆಸಿ ತಿಂಗಳುಗಟ್ಟಲೆ ಹದಗೊಳಿಸುವ ಜಾಗ ಹೇಗೂ ಬೇಕು. ವಿದ್ಯುತ್ ಬಿಲ್ಲು ಬೇರೆ.

8. ಕೆಟ್ಟಾಗ ಮೂಗು ಏನು ಹೇಳುತ್ತದೆ

ಮೂತ್ರದಂಥ ಕಮಟು, ಅಂದರೆ ಅಮೋನಿಯಾ, ಬಂದರೆ ಸಾರಜನಕ ಹೆಚ್ಚಾಗಿದೆ. ಒಣ ಎಲೆ ಬೆರೆಸಿ ತಿರುವಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ನಿಂತಿದೆ. ತಳದ ಮುದ್ದೆಯನ್ನು ಹೊರಗೆಳೆದು ಒರಟು ಕಡ್ಡಿ, ಎಲೆ ಸೇರಿಸಿ ಮತ್ತೆ ಹಾಕಿ, ಮೇಲೆಮೇಲೆ ಕೆದಕಿದರೆ ಸರಿಹೋಗದು. ಮೊದಲ ವಾರದಲ್ಲಿ ಹುಳಿ ವಾಸನೆ ಬಂದರೆ ಗಾಬರಿ ಬೇಡ, ಎಲೆ ಸೇರಿಸಿ ತಿರುವಿದರೆ ಹೋಗುತ್ತದೆ. ವಾಸನೆಯಿಲ್ಲ, ಬಿಸಿಯೂ ಇಲ್ಲ ಎಂದರೆ ರಾಶಿ ಚಿಕ್ಕದಾಗಿದೆ ಇಲ್ಲವೇ ಒಣಗಿದೆ. ಇರುವೆ ಗೂಡು ಕಟ್ಟಿದ್ದರೆ ಅದೂ ಒಣಗಿದ್ದರ ಗುರುತೇ.

ಹುಳ ಕಂಡರೆ ದೂರು ಬರುತ್ತದೆ. ಕಂದು ಬಣ್ಣದ, ಚಪ್ಪಟೆಯ, ಗಟ್ಟಿ ಮೈಯ ದೊಡ್ಡ ಹುಳಗಳು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳಾಗಿರಬಹುದು; ಅವು ಕಸವನ್ನು ಬೇಗ ತಿಂದು ಮುಗಿಸುತ್ತವೆ, ಬೆಳೆದ ನೊಣ ಊಟದ ಮೇಲೆ ಕೂರುವುದಿಲ್ಲ. ಆದರೂ ಅವು ಬಂದವೆಂದರೆ ತೇವ ಹೆಚ್ಚಾಗಿದೆ, ಹೊದಿಕೆ ಸಾಲದು ಎಂದೇ ಅರ್ಥ. ಸಣ್ಣ ಬಿಳಿ ಹುಳ ಕಂಡರೆ ಆ ಭಾಗವನ್ನು ರಾಶಿಯ ಬಿಸಿ ನಡುವಿಗೆ ಹೂತುಬಿಡಿ. ತಳದಲ್ಲಿ ಸೋರಿದ ರಸವನ್ನು ಗಿಡಕ್ಕೆ ಹಾಕಬೇಡಿ. ಒಣಗಿದ ರಾಶಿಗೆ ಚಿಮುಕಿಸಿ.

ತಯಾರಾಯಿತೇ ಎಂದು ತಿಳಿಯಲು ಒಂದು ಹಿಡಿಯನ್ನು ತುಸು ತೇವಗೊಳಿಸಿ ಗಾಳಿಯಾಡದ ಚೀಲದಲ್ಲಿ ಮೂರು ದಿನ ಮುಚ್ಚಿಡಿ. ತೆರೆದಾಗ ಮಣ್ಣಿನ ವಾಸನೆ ಬಂದರೆ ಆಯಿತು, ಹುಳಿ ಅಥವಾ ಕಮಟು ಬಂದರೆ ಇನ್ನೂ ಎರಡು ವಾರ ಬೇಕು. ಮೂಲಂಗಿ ಬೀಜ ಹತ್ತನ್ನು ಬಿತ್ತಿ ನೋಡುವುದು ಇನ್ನೊಂದು ಪರೀಕ್ಷೆ. ಸಾಮಾನ್ಯ ಮಣ್ಣಿನಷ್ಟೇ ಮೊಳೆತರೆ ಗೊಬ್ಬರ ಮಾಗಿದೆ.

9. ವರ್ಷ ಕಳೆದ ಮೇಲೂ ನಡೆಯಲು

ಬಾಡಿಗೆದಾರರು ಬದಲಾಗುವ ಕಟ್ಟಡದಲ್ಲಿ ಕಲಿಸಿದ್ದು ಸೋರಿಹೋಗುತ್ತಲೇ ಇರುತ್ತದೆ. ಕೀಲಿ ಕೊಡುವ ದಿನವೇ ಬಕೆಟ್ಟು ಕೊಟ್ಟು ಐದು ನಿಮಿಷ ಹೇಳುವುದನ್ನು ಮನೆ ಹಸ್ತಾಂತರದ ಪಟ್ಟಿಯಲ್ಲೇ ಸೇರಿಸಿ. ಮನೆ ಖಾಲಿ ಮಾಡುವವರ ಹಾಸಿಗೆ, ಪೀಠೋಪಕರಣಕ್ಕೆ ತಿಂಗಳಿಗೊಂದು ದಿನ ಗೊತ್ತುಮಾಡಿ. ಮೂರು ತಿಂಗಳಿಗೊಮ್ಮೆ ಮತ್ತೆ ಟಾರ್ಪಾಲಿನ ಮೇಲೆ ಸುರಿದು ತೂಗಿ, ಎಣಿಸಿ. ಕಸ ನಿರ್ವಹಿಸುವವರಿಗೆ ಕೈಗವಸು, ಬೂಟು, ಧನುರ್ವಾಯು ಲಸಿಕೆ, ಕೈ ತೊಳೆಯಲು ಸೋಪು, ಹೆಚ್ಚಿದ ಕೆಲಸಕ್ಕೆ ಹೆಚ್ಚಿದ ಸಂಬಳ ಕೊಡಿ. ಒಣ ಕಸ ಮಾರಿದ ಹಣವನ್ನು ಅವರಿಗೇ ಬಿಟ್ಟುಕೊಟ್ಟರೆ ವಿಂಗಡಣೆಯ ಗುಣಮಟ್ಟದ ಚಿಂತೆ ನಿಮಗೆ ಉಳಿಯುವುದಿಲ್ಲ.

ಗೊಬ್ಬರ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. ಹಸಿ ಕಸ, ಎಲೆ ಸೇರಿ ತಿಂಗಳಿಗೆ ಸುಮಾರು 1,500 ಕಿಲೋ ಒಳಗೆ ಹೋದರೆ ಅದರ ಕಾಲುಭಾಗ, 375 ಕಿಲೋ ಆಸುಪಾಸು, ಹೊರಬರುತ್ತದೆ. 60 ಮನೆಗೆ ಹಂಚಿದರೆ ಮನೆಗೆ ಆರು ಕಿಲೋ. ಬಾಲ್ಕನಿಯಲ್ಲಿ ನಾಲ್ಕು ಕುಂಡ ಇರುವವರಿಗೆ ಅದು ಮೊದಲ ತಿಂಗಳು ಸಂತೋಷ, ಮೂರನೆಯ ತಿಂಗಳು ಹೊರೆ. ಕುಂಡಕ್ಕೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ ಸಾಕು. ತೋಟದ ಪಾತಿಗೆ ಎರಡೂವರೆ ಸೆಂಟಿಮೀಟರ್ ದಪ್ಪ ಹಾಸಿದರೆ ಒಂದು ಚದರ ಮೀಟರಿಗೆ 25 ಲೀಟರ್, ಅಂದರೆ 12ರಿಂದ 15 ಕಿಲೋ ಹಿಡಿಯುತ್ತದೆ. ಆ ಲೆಕ್ಕದಲ್ಲಿ ತಿಂಗಳ ಗೊಬ್ಬರ 25ರಿಂದ 30 ಚದರ ಮೀಟರಿಗೆ ಸಾಕು. ಕಟ್ಟಡದ ಅಂಗಳ ಅದಕ್ಕಿಂತ ಚಿಕ್ಕದಾಗಿದ್ದರೆ ಹತ್ತಿರದ ಶಾಲೆ, ಉದ್ಯಾನ, ನರ್ಸರಿ, ರೈತರ ಜೊತೆ ಮೊದಲ ತೊಟ್ಟಿ ತುಂಬುವ ಮುನ್ನವೇ ಮಾತಾಡಿಟ್ಟುಕೊಳ್ಳಿ. ಕೊಡುವ ಮುನ್ನ 6 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಹಿಡಿಯಿರಿ. ಜರಡಿಯ ಮೇಲೆ ಉಳಿದ ಪ್ಲಾಸ್ಟಿಕ್ ಚೂರುಗಳನ್ನು ಗಾಜಿನ ಜಾಡಿಗೆ ಹಾಕಿ ಲಿಫ್ಟಿನ ಪಕ್ಕದ ಮೇಜಿನ ಮೇಲೆ ಇಡಿ.